ಸಿ ಡ್ರೈವ್ ಕೆಂಪಾದರೆ ಮೊದಲು ಇಲ್ಲಿ ನೋಡಿ

ನಿನ್ನೆ ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಸಿ ಡ್ರೈವ್‌ನ ಜಾಗ ತೋರಿಸುವ ಪಟ್ಟಿ ಪೂರ್ತಿ ಕೆಂಪು. ಉಳಿದಿದ್ದು ಒಂದೂವರೆ ಜಿಬಿ. ಪಕ್ಕದಲ್ಲೇ ಡಿ ಡ್ರೈವ್ ಸುಮ್ನೆ ಖಾಲಿ ಬಿದ್ದಿದೆ!

ಗಾಬರಿಯಾಗಿ ಫೋಟೊ ಅಳಿಸಲು ಹೋಗಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿ ಸ್ಟೋರೇಜ್, ಅದರೊಳಗೆ ಟೆಂಪರರಿ ಫೈಲ್ಸ್ ತೆರೆಯಿರಿ. ಹುಡುಕಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಕಾಯಿರಿ. ದೊಡ್ಡ ಅಪ್‌ಡೇಟ್ ಆಗಿದ್ದರೆ 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್' (ಅಪ್‌ಡೇಟ್‌ಗೆ ಮುಂಚಿನ ಹಳೆಯ ವಿಂಡೋಸ್) ಅಂತ ಒಂದು ಸಾಲು ಕಾಣುತ್ತದೆ. ನನ್ನದರಲ್ಲಿ ಅದೊಂದೇ 17 ಜಿಬಿ ನುಂಗಿ ಕೂತಿತ್ತು. ಹೊಸ ವಿಂಡೋಸ್ ಸರಿಯಾಗಿ ನಡೆಯುತ್ತಿದ್ದರೆ ಮಾತ್ರ ತೆಗೆಯಿರಿ. ತೆಗೆದ ಮೇಲೆ ಹಳೆಯದಕ್ಕೆ ವಾಪಸ್ ಹೋಗಲು ಆಗುವುದಿಲ್ಲ.

ಹುಷಾರು, ಅದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಆ ಫೋಲ್ಡರ್‌ನಲ್ಲಿ ಇದ್ದಿದ್ದೆಲ್ಲ ಹೋಯಿತು. ನಾನೊಮ್ಮೆ ಹೀಗೇ ಪಹಣಿಯ ಪಿಡಿಎಫ್ ಕಳೆದುಕೊಂಡೆ.

ಡಿ ಡ್ರೈವ್ ಇದ್ದರೆ ಡೌನ್‌ಲೋಡ್ಸ್ ಫೋಲ್ಡರನ್ನೇ ಅಲ್ಲಿಗೆ ಸಾಗಿಸಿ: ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಡಿಯಲ್ಲಿ ಮೊದಲೇ ಒಂದು ಹೊಸ ಫೋಲ್ಡರ್ ಮಾಡಿ ಅದನ್ನು ತೋರಿಸಿ. ಇಡೀ ಡ್ರೈವನ್ನೇ ತೋರಿಸಿದರೆ ಆಮೇಲೆ ಬಿಡಿಸಲಾಗದ ಗೋಜಲು.

ಇನ್ನು ವಿಂಡೋಸ್ ಫೋಲ್ಡರ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ (WinSxS) ಅನ್ನೋ ಫೋಲ್ಡರ್ ಎಷ್ಟೇ ದೊಡ್ಡದಾಗಿ ಕಂಡರೂ ಕೈಯಾರೆ ಅಳಿಸಬೇಡಿ. ಕಂಪ್ಯೂಟರ್ ಆನ್ ಆಗದೇ ಹೋಗಬಹುದು.