ಮನೆಯಿಂದ ಕೆಲಸ ಮಾಡುವವರ ರೌಟರ್‌ಗೆ ಮಿನಿ ಯುಪಿಎಸ್ ಕೊಡಿಸಿ

ನಿಮ್ಮ ಕಂಪನಿಯಲ್ಲಿ ಊರಿನ ಮನೆಯಿಂದಲೇ ಕೆಲಸ ಮಾಡುವವರಿದ್ದರೆ, ಕಂಪನಿ ಖರ್ಚಿನಲ್ಲೇ ಅವರಿಗೆ ವೈಫೈ ರೌಟರ್‌ನ ಮಿನಿ ಯುಪಿಎಸ್, ಅಂದರೆ ಕರೆಂಟ್ ಹೋದಾಗ ರೌಟರ್ ನಡೆಸುವ ಪುಟ್ಟ ಬ್ಯಾಟರಿ ಬಾಕ್ಸ್ ಕೊಡಿಸಿ. ಸಾಮಾನ್ಯವಾಗಿ 1,000ದಿಂದ 2,000 ರೂಪಾಯಿಗೆ ಸಿಗುತ್ತದೆ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತದೆ, ಆರಿಹೋಗುವುದು ರೌಟರ್ ಮಾತ್ರ ಅಲ್ವಾ? ಹೆಚ್ಚಿನ ರೌಟರ್‌ಗಳು 12 ವೋಲ್ಟ್ ಡಿಸಿಯಲ್ಲಿ ಓಡುತ್ತವೆ, ಕರೆಂಟ್ ಎಳೆಯುವುದೂ ಕಡಿಮೆ. ಹಾಗಾಗಿ ಪುಟ್ಟ ಲಿಥಿಯಂ ಬ್ಯಾಟರಿಯೇ ಎರಡು ಮೂರು ಗಂಟೆ ಸಾಕಾಗುತ್ತದೆ. ಅದಕ್ಕೋಸ್ಕರ ದೊಡ್ಡ ಇನ್ವರ್ಟರ್ ಬೇಕಿಲ್ಲ. ತರಿಸುವ ಮೊದಲು ರೌಟರ್ ಅಡಾಪ್ಟರ್ ಮೇಲಿನ ಬರಹದ ಫೋಟೊ ಕಳಿಸಲು ಹೇಳಿ. ಯುಪಿಎಸ್‌ನ ವೋಲ್ಟ್ ಅದರಲ್ಲಿ ಬರೆದಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. 9 ವೋಲ್ಟಿನ ರೌಟರ್‌ಗೆ ಸುಮ್ನೆ 12 ವೋಲ್ಟ್ ಹಾಕಿದರೆ ಸುಟ್ಟುಹೋಗಬಹುದು. ಫೈಬರ್ ಬಾಕ್ಸ್ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಟರಿ ಬೇಕು. ಕೇಬಲ್‌ನವರ ಬೀದಿ ಬಾಕ್ಸಿಗೇ ಕರೆಂಟ್ ಇಲ್ಲದಿದ್ದರೆ, ಅಥವಾ ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಇದರಿಂದ ಉಪಯೋಗವಿಲ್ಲ. ಅಂಥ ಕಡೆ ಬೇರೆ ಕಂಪನಿಯ ಒಂದು ಸಿಮ್‌ಗೆ ಡೇಟಾ ಹಾಕಿಸಿಕೊಡಿ. ಲೈನ್ ಕೆಲಸಕ್ಕೆಂದು ಇಡೀ ದಿನ ಕರೆಂಟ್ ತೆಗೆಯುವಾಗ ಲ್ಯಾಪ್‌ಟಾಪ್ ಕೂಡ ಉಳಿಯುವುದಿಲ್ಲ. ಬೆಸ್ಕಾಂ, ಮೆಸ್ಕಾಂನವರು ಸಾಮಾನ್ಯವಾಗಿ ಪತ್ರಿಕೆಯಲ್ಲಿ ಮೊದಲೇ ತಿಳಿಸುತ್ತಾರೆ. ಆ ದಿನ ಮೀಟಿಂಗ್ ಇಡಬೇಡಿ, ಕೆಲಸದ ವೇಳೆ ಬದಲಿಸಿಕೊಳ್ಳಲು ಬಿಡಿ. ದಯವಿಟ್ಟು ಆ ದಿನವನ್ನು ಅವರ ರಜೆಯಲ್ಲಿ ಕಳೆಯಬೇಡಿ.