ಮೊಟ್ಟೆ ಇಡದ ಲೇಯರ್ ಕೋಳಿ: ಮರಿಗೆ ಐಬಿ ಹನಿ ಹಾಕುವುದು ಹೇಗೆ?

ಕೋಳಿಗೆ ಐದು ತಿಂಗಳು ದಾಟಿದೆ. ಜುಟ್ಟು ಕೆಂಪಗಿದೆ, ಮೇವು ಖಾಲಿಯಾಗುತ್ತಿದೆ, ಮೊಟ್ಟೆ ಮಾತ್ರ ಇಲ್ಲ. ಆಗ ಬಹಳ ಜನ ಕ್ಯಾಲ್ಸಿಯಂ, ಟಾನಿಕ್ ಅಂತ ಅಂಗಡಿಗೆ ಓಡುತ್ತಾರೆ. ದುಡ್ಡು ದಂಡ. ಐಬಿ, ಅಂದರೆ ಕೋಳಿಗೆ ಉಸಿರಾಟದ ರೋಗ ತರುವ ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್ ವೈರಸ್, ಮರಿಯಾಗಿದ್ದಾಗ ಮೊದಲ ಎರಡು ವಾರದಲ್ಲಿ ತಗುಲಿದ್ದರೆ ಕೆಡಬೇಕಾದ್ದು ಆಗಲೇ ಕೆಟ್ಟಿರುತ್ತದೆ.

ಸೀನು, ಗೊರಗೊರ ವಾಸಿಯಾಗುತ್ತವೆ. ಆದರೆ ಕೋಳಿಗೆ ಕೆಲಸಕ್ಕೆ ಬರುವುದು ಎಡಗಡೆಯ ಮೊಟ್ಟೆನಾಳ ಒಂದೇ. ಎಳೆಯದರಲ್ಲೇ ಅದಕ್ಕೆ ಪೆಟ್ಟು ಬಿದ್ದರೆ ಸರಿಯಾಗಿ ಬೆಳೆಯುವುದಿಲ್ಲ. ಅಂಡಾಶಯ ಚೆನ್ನಾಗಿಯೇ ಇರುತ್ತದೆ, ಹಳದಿ ಬಿಡುತ್ತದೆ. ಆ ಹಳದಿ ಹೊಟ್ಟೆಯೊಳಗೇ ಬೀಳುತ್ತದೆ.

ಮರಿ ತರುವಾಗಲೇ ಐಬಿ ಲಸಿಕೆ ಆಗಿದೆಯಾ ಅಂತ ಹ್ಯಾಚರಿಯಲ್ಲಿ ಕೇಳಿ. ಆಗಿಲ್ಲದಿದ್ದರೆ ಯಾವ ದಿನ ಹಾಕಬೇಕು ಅಂತ ಪಶುವೈದ್ಯರನ್ನು ಕೇಳಿ. ಮರಿಗೆ ಹಾಕುವ ಲಸಿಕೆಯಲ್ಲಿ ಎಚ್120ರಂಥ ಮೃದು ವೈರಸ್ ತಳಿಯೇ ಬೇಕು. ಎಚ್52 ದೊಡ್ಡ ಕೋಳಿಗೆ. ಐಸ್ ಇಲ್ಲದೆ ಕವರಿನಲ್ಲಿ ಸುತ್ತಿ ಕೊಡುವ ಅಂಗಡಿಯಲ್ಲಿ ಲಸಿಕೆ ಕೊಳ್ಳಲೇಬೇಡಿ. ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು.

ಎಲ್ಲರೂ ಎಡವುವುದು ಹನಿ ಹಾಕುವಾಗ. ಜೊತೆಗೆ ಬಂದ ದ್ರಾವಣದಲ್ಲೇ ಲಸಿಕೆಯ ಪುಡಿ ಕರಗಿಸಿ. ಬಾಟಲಿಯನ್ನು ಮೆಲ್ಲಗೆ ತಿರುಗಿಸಿ, ಕುಲುಕಿ ನೊರೆ ಎಬ್ಬಿಸಬೇಡಿ. ಮರಿಯ ತಲೆಯನ್ನು ಪಕ್ಕಕ್ಕೆ ವಾಲಿಸಿ, ಒಂದು ಕಣ್ಣು ಮೇಲೆ ಬರುವಂತೆ ಹಿಡಿಯಿರಿ. ಡ್ರಾಪರ್ ನೆಟ್ಟಗಿರಲಿ, ಕಣ್ಣಿಗೆ ತಾಗದಿರಲಿ. ಒಂದೇ ಹನಿ. ಈಗ ಕಾಯಿರಿ. ಮರಿ ಕಣ್ಣು ಮಿಟುಕಿಸಿ ಹನಿ ಒಳಗೆ ಇಳಿದ ಮೇಲೇ ಕೈ ಬಿಡಿ. ಬೇಗ ಮುಗಿಸುವ ಭರದಲ್ಲಿ ಬಿಟ್ಟರೆ ಮರಿ ತಲೆ ಕೊಡವುತ್ತದೆ, ಲಸಿಕೆ ನೆಲಕ್ಕೆ. ಬಾಟಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡರೆ ಬಿಸಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ತೆಗೆದುಕೊಂಡು ಉಳಿದದ್ದನ್ನು ಐಸ್ ಮೇಲಿಡಿ. ಬಣ್ಣದ ದ್ರಾವಣ ಸಿಕ್ಕರೆ ಅದನ್ನೇ ತನ್ನಿ. ಹನಿ ಇಳಿದ ಮರಿಯ ನಾಲಿಗೆಯಲ್ಲಿ ಬಣ್ಣ ಕಾಣುತ್ತದೆ, ಕೆಲಸದವರನ್ನು ಕೇಳುವುದೇ ಬೇಡ.

ಕುಡಿಯುವ ನೀರಿಗೆ ಬೆರೆಸಿದರೆ ಸುಲಭ ಅಲ್ವಾ ಅನ್ನುವವರು ಜಾಸ್ತಿ. ಎಳೆ ಮರಿಗಂತೂ ನನಗೆ ಅದು ಒಪ್ಪಿಗೆಯಿಲ್ಲ. ಎಲ್ಲ ಮರಿಯೂ ಒಂದೇ ಸಮ ಕುಡಿಯುವುದಿಲ್ಲ, ನೀರಿನಲ್ಲಿ ಕ್ಲೋರಿನ್ ಇದ್ದರೆ ಲಸಿಕೆ ಸತ್ತೇ ಹೋಗುತ್ತದೆ.

ಇನ್ನು ದೊಡ್ಡ ಕೋಳಿಗಳ ವಿಚಾರ. ಜುಟ್ಟು ನೋಡಿ ನಂಬಬೇಡಿ. ಅನುಮಾನ ಬಂದದ್ದನ್ನು ಒಂದೊಂದಾಗಿ ಬೇರೆ ಗೂಡಿಗೆ ಹಾಕಿ, ಒಂದು ವಾರ ಮೊಟ್ಟೆ ಬರುತ್ತದಾ ನೋಡಿ. ಹೊಟ್ಟೆ ಜೋತುಬಿದ್ದು ಪೆಂಗ್ವಿನ್ ಹಾಗೆ ನೆಟ್ಟಗೆ ನಿಂತರೆ ನಾಳದಲ್ಲಿ ನೀರು ತುಂಬಿರಬಹುದು. ಇದಕ್ಕೆ ಔಷಧಿ ಇಲ್ಲ. ಅಂಥ ಒಂದೆರಡನ್ನು ಪಶುವೈದ್ಯರಿಂದ ಕೊಯ್ಯಿಸಿ ನೋಡಿ, ಖಾತ್ರಿಯಾದರೆ ಮಿಕ್ಕವನ್ನು ಮೇವು ಹಾಕುತ್ತಾ ಇಟ್ಟುಕೊಳ್ಳದೆ ಮಾರಿಬಿಡಿ.