ಆಚಾರಿಯ ಅಂಗುಲ, ನನ್ನ ಇಂಚು

ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮ ಮನೆಗೆ ಒಂದು ಕೋಣೆ ಸೇರಿಸಿ ಕಟ್ಟುವಾಗ, ಬಾಗಿಲಿನ ದಾರಂದ (ಚೌಕಟ್ಟು) ನಲುವತ್ತು ಅಂಗುಲ ಅಗಲವಿರಲಿ ಎಂದು ಆಚಾರಿಗೆ ಹೇಳಿದ್ದೆ. ಇಂಚಿಗೆ ಕನ್ನಡದಲ್ಲಿ ಅಂಗುಲವೆಂದೇ ಕಲಿತವನು ನಾನು. ಆಚಾರಿಯದ್ದು ಕೋಲಿನ ಲೆಕ್ಕ: ಒಂದು ಕೋಲಿಗೆ 24 ಅಂಗುಲ, ಕೋಲೆಂದರೆ 72 ಸೆಂಟಿಮೀಟರ್, ಹಾಗಾಗಿ ಅಂಗುಲವೊಂದಕ್ಕೆ 3 ಸೆಂಟಿಮೀಟರ್. ನನ್ನ ಎಣಿಕೆಯಂತೆ 101.6 ಸೆಂಟಿಮೀಟರ್ ಇರಬೇಕಾದ ದಾರಂದ 120 ಸೆಂಟಿಮೀಟರ್ ಆಗಿ ಬಂತು. ಕೆಂಪುಕಲ್ಲಿನ ಗೋಡೆಯಲ್ಲಿ ಅದಕ್ಕೆಂದು ಬಿಟ್ಟಿದ್ದ ಜಾಗ 104. “ನೀವು ಹೇಳಿದ್ದು ಅಂಗುಲ ಅಲ್ವಾ ಅಣ್ಣ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕಲ್ಲು ಕಡಿಸಿ ಕೂರಿಸಿದೆವು. ಅಡಿಕೆ ಮೂಟೆ ಹೊತ್ತು ಬರುವವರಿಗೆ ಆ ಬಾಗಿಲು ಅನುಕೂಲವೇ ಆಗಿದೆ ಎನ್ನುವುದು ಬೇರೆ ಮಾತು.

ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆಯೂ ಬಂದಿತ್ತು. ಆದರೂ ನಮ್ಮಲ್ಲಿ ಹಗ್ಗಕ್ಕೆ ಮಾರು, ಹೂವಿಗೆ ಮೊಳ, ಮರಕ್ಕೆ ಅಡಿ ಹೋಗಿಲ್ಲ. ನೂರು ಸೆಂಟಿಮೀಟರಿಗೆ ಒಂದು ಮೀಟರ್ ಎಂಬುದು ನನಗೆ ಬಾಯಿಪಾಠವಾಗಿತ್ತೇ ಹೊರತು, ಒಂದು ಮೀಟರ್ ಎಷ್ಟು ಉದ್ದವೆಂದು ಕಣ್ಣಿಗೆ ಗೊತ್ತಿರಲಿಲ್ಲ. ಆದ್ದರಿಂದ ಟೇಪು ಹಿಡಿದು ಮೊದಲು ನನ್ನನ್ನೇ ಅಳೆದುಕೊಂಡೆ: ಕಿರುಬೆರಳಿನ ಉಗುರಿನ ಅಗಲ 1 ಸೆಂಟಿಮೀಟರ್, ಗೇಣು 22, ಮೊಳ 46, ಮಾರು 170, ಎತ್ತರ 168, ನೆಲದಿಂದ ಮುಂಡು ಕಟ್ಟುವಲ್ಲಿಗೆ ಸರಿಯಾಗಿ ಒಂದು ಮೀಟರ್. ಆಮೇಲೆ ಅಡಿಯನ್ನು ಮೀಟರಿಗೆ ಗುಣಿಸಿ ಭಾಗಿಸುವ ಗೋಜಿಗೆ ಹೋಗಲಿಲ್ಲ.

ಎರಡನ್ನೂ ಬೆರೆಸಿದರೆ ಏನಾಗುತ್ತದೆಂಬುದು ಅಡಿಕೆ ಸಸಿಗೆ ಗುಂಡಿ ಗುರುತಿಸುವಾಗ ತಿಳಿಯಿತು. ಸಸಿಗಳ ನಡುವೆ 2.7 ಮೀಟರ್ ಅಂತರವಿರಬೇಕೆಂಬುದು ಕೃಷಿ ತಜ್ಞರ ಶಿಫಾರಸು. ನಮ್ಮವರು ಅದನ್ನೇ ಒಂಬತ್ತು ಅಡಿ ಎನ್ನುತ್ತಾರೆ. ನಿಜವಾಗಿ ಒಂಬತ್ತು ಅಡಿಯೆಂದರೆ 2.743 ಮೀಟರ್. ನಾನು ಒಂದು ಸಾಲಿಗೆ ಮೀಟರಿನಲ್ಲಿ ಗೂಟ ಹೊಡೆಯುತ್ತ ಹೋದೆ, ಪಕ್ಕದ ಸಾಲಿಗೆ ಕೆಲಸದವರು ಒಂಬತ್ತು ಅಡಿಗೆ ಕತ್ತರಿಸಿದ ಹಗ್ಗ ಹಿಡಿದು ಹೋದರು. ಮೊದಲ ನಾಲ್ಕೈದು ಗೂಟಗಳಲ್ಲಿ ವ್ಯತ್ಯಾಸ ಯಾರಿಗೂ ಕಾಣಲಿಲ್ಲ. ನಲುವತ್ತನೆಯ ಗೂಟಕ್ಕೆ ತಲುಪುವಾಗ ಅವರ ಸಾಲು 1.68 ಮೀಟರ್, ಅಂದರೆ ನಾನು ಮಲಗಿದರೆ ಎಷ್ಟೋ ಅಷ್ಟು, ಮುಂದೆ ಹೋಗಿತ್ತು. ಗೂಟಗಳನ್ನು ಕಿತ್ತು ಮತ್ತೆ ಹೊಡೆದೆವು.

ಮರದ ಎತ್ತರ ಬೇಕಾದದ್ದು ಅಡಿಕೆ ಗೊನೆ ಕೊಯ್ಯುವ ಉದ್ದನೆಯ ಕಾರ್ಬನ್ ಫೈಬರ್ ಕೋಲು, ಅಂದರೆ ದೋಟಿ, ಕೊಳ್ಳುವಾಗ. ತೋಟದೊಳಗೆ ನೆರಳುಗಳು ಒಂದರ ಮೇಲೊಂದು ಬೀಳುವುದರಿಂದ, ಅಂಗಳದ ಬದಿಯ ಮರವನ್ನೇ ಆರಿಸಿ, ಸಮತಟ್ಟಾದ ನೆಲದಲ್ಲಿ ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿದೆ. ಕೋಲಿನ ನೆರಳು 60 ಸೆಂಟಿಮೀಟರ್, ಅದೇ ಹೊತ್ತಿಗೆ ಬುಡದಿಂದ ಗೊನೆಯವರೆಗಿನ ನೆರಳು 7.8 ಮೀಟರ್. 7.8ನ್ನು 0.6ರಿಂದ ಭಾಗಿಸಿದರೆ 13 ಮೀಟರ್. ಅಂಗಡಿಯವರು ಮಾತ್ರ ಅಡಿಯಲ್ಲೇ ಮಾತಾಡಿದರು. ದೋಟಿ ಹಿಡಿದು ನಿಂತವನ ಕೈಯ ಎತ್ತರವೂ ಸೇರುವುದರಿಂದ ನಲುವತ್ತು ಅಡಿಯ, ಅಂದರೆ 12.19 ಮೀಟರಿನ ದೋಟಿ ಸಾಕಿತ್ತು. ಮರ ಇನ್ನೂ ಬೆಳೆಯುತ್ತದೆಂದು ಐವತ್ತು ಅಡಿಯದ್ದನ್ನು ತಂದೆ.